ನಲವತ್ತಮೂರನೆಯ ಕೊಕ್ಕೆ

ಮೇ 6, ಸೋಮವಾರ

ಸಭಿಕರೇ, ಮಹನೀಯರೇ, ಕುರ್ಚಿ ಸಿಕ್ಕವರೇ, ನೆಲದ ಮೇಲೆ ಕೂತವರೇ, ಟಿಕೆಟ್ಟಿಲ್ಲದೆ ಹಿಂಬಾಗಿಲಿಂದ ನುಗ್ಗಿದವರೇ, ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ತೆರೆ ಏಳುತ್ತಿದೆ.

ಹೀಗೆಂದು ಬರೆದು ಸುತ್ತ ನೋಡಿದರೆ ಇರುವುದು ಒಂದು ಮೇಜು, ಒಂದು ನೋಟ್‌ಬುಕ್ಕು, ಬಾಗಿಲ ಮೊಳೆಗೆ ಜೋತುಬಿದ್ದ ನನ್ನದೇ ಅಂಗಿ. ಇದನ್ನು ಓದುವವರು ಯಾರೂ ಇಲ್ಲ, ಓದಲೂಬಾರದು. ಆದರೇನು, ಖಾಲಿ ಸಭೆಯ ಮುಂದೆ ಗಂಟಲು ತೆರೆಯುವುದೇ ನನ್ನ ಕಸುಬು.

ನಾನು ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ಹುಟ್ಟಿ, ಪರದೆ ಹಿಡಿದುಕೊಂಡು ನಡೆಯಲು ಕಲಿತವನು. ಅಪ್ಪ ಕಲಿಸಿದ್ದು ಎರಡೇ ಪಾಠ. ದನಿ ಗಂಟಲಿಂದ ಬರಬಾರದು, ಹೊಟ್ಟೆಯಿಂದ ಬರಬೇಕು. ರಂಗಕ್ಕೆ ಹೋಗುವ ಮುಂಚೆ ಪರದೆಯ ತೂತಿನಲ್ಲಿ ಕಣ್ಣಿಟ್ಟು ಜನರನ್ನು ಎಣಿಸಬೇಕು. ಕಂಪನಿ ಮುಳುಗಿತು, ದನಿ ಉಳಿಯಿತು. ಆ ದನಿಯನ್ನು ಕೇಳಿಯೇ ಮಾವ ಮಗಳನ್ನೂ ಕೊಟ್ಟ, ತನ್ನ ಕೆಲಸವನ್ನೂ ಕೊಟ್ಟ. ಮಗಳು ಅಂದಿನಿಂದ ಗೊಣಗುತ್ತಲೇ ಇದ್ದಾಳೆ. "ನೀವು ನನ್ನನ್ನ ಊಟಕ್ಕೆ ಕರೆದರೆ ಪಕ್ಕದ ಮನೆಯವರು ಕೈ ತೊಳ್ಕೊಂಡು ಬಂದು ಕೂರ್ತಾರೆ. ಸ್ವಲ್ಪ ಮೆಲ್ಲಗೆ ರೀ."

ಕೆಲಸ ಏನೆಂದು ಇಂದು ಬರೆದಿಡಲೇಬೇಕು, ಏಕೆಂದರೆ ಇಂದು ಅದು ಪತ್ರಿಕೆಯಲ್ಲಿ ಬಂದಿದೆ.

ಊರಿಗೆ ನೀರು ಕಳಿಸುವ ಪಂಪುಮನೆಯ ಅಡಿಯಲ್ಲಿ, ನೂರ ಹದಿನೆಂಟು ಮೆಟ್ಟಿಲು ಇಳಿದರೆ ಒಂದು ಕೋಣೆ. ಒಂದು ಗೋಡೆಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಕಬ್ಬಿಣದ ಬಾಗಿಲು. ಅದರ ಪಕ್ಕ, ಗೋಡೆಯೊಳಕ್ಕೆ ಹೋಗುವ ಹಿತ್ತಾಳೆಯ ಕೊಳವೆ; ಅದರ ಬಾಯಿ ಕಹಳೆಯಷ್ಟು ಅಗಲ. ಎದುರಿನ ಗೋಡೆಗೆ ಒಂದು ಹಲಗೆ, ಅದರಲ್ಲಿ ನಲವತ್ತಮೂರು ಕೊಕ್ಕೆ. ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ನಲವತ್ತೆರಡು ಜನ ತಂತಮ್ಮ ನಂಬರಿನ ಬಿಲ್ಲೆಯನ್ನು ಕೊಕ್ಕೆಯಿಂದ ತೆಗೆದುಕೊಂಡು, ಬಾಗಿಲಾಚೆ ಸುರಂಗ ತೋಡಲು ಹೋದರು. ಹೊರಗೆ ಬಂದಾಗ ಬಿಲ್ಲೆಯನ್ನು ಮತ್ತೆ ನೇತುಹಾಕಬೇಕು. ಸುರಂಗ ಕುಸಿಯಿತು, ನೀರು ನುಗ್ಗಿತು, ಯಾರೂ ನೇತುಹಾಕಲಿಲ್ಲ. ಬಿಲ್ಲೆ ಹಲಗೆಗೆ ಬಾರದೆ ಪಾಳಿ ಮುಗಿಯಿತೆಂದು ಬರೆಯುವಂತಿಲ್ಲ. ಪಾಳಿ ಮುಗಿಯದೆ ಹಾಜರಿ ನಿಲ್ಲಿಸುವಂತಿಲ್ಲ. ಅಂದಿನ ದೊಡ್ಡ ಎಂಜಿನಿಯರರ ಆಜ್ಞೆ ಅದು. ಅದನ್ನು ರದ್ದು ಮಾಡುವುದು ಯಾರಿಗೂ ನೆನಪಾಗಲಿಲ್ಲ.

ಹಾಗಾಗಿ ದಿನವೂ ಬೆಳಿಗ್ಗೆ ಏಳೂವರೆಗೆ, ರಜೆಯಿಲ್ಲದೆ, ಒಬ್ಬ ಮನುಷ್ಯ ಕೊಳವೆಗೆ ಬಾಯಿಟ್ಟು ಒಂದರಿಂದ ನಲವತ್ತೆರಡರವರೆಗೆ ನಂಬರು ಕೂಗುತ್ತಾನೆ. ಪ್ರತಿ ನಂಬರಿಗೂ ಮೂರು ಉಸಿರು ಕಾಯುತ್ತಾನೆ. ಆ ಮನುಷ್ಯ ನಾನು. ನಲವತ್ತಮೂರನೆಯ ಕೊಕ್ಕೆ ಕೂಗುವವನದು. ನನ್ನ ಬಿಲ್ಲೆ ಸದಾ ಅಲ್ಲೇ ತೂಗುತ್ತದೆ, ಏಕೆಂದರೆ ನಾನು ಸದಾ ಹೊರಗಿನವನು.

ಮಾವ ಸಾಯುವ ಮುಂಚೆ ನನ್ನ ಮುಂಗೈ ಹಿಡಿದು ಹೇಳಿದ್ದ. "ಒಂದು ದಿನವೂ ಬಿಡಬೇಡ ಕಣಪ್ಪ. ಮೇಲೆ ಯಾರೋ ಇದ್ದಾರೆ ಅಂತ ಒಳಗಿರೋರಿಗೆ ಗೊತ್ತಿರಬೇಕು." ಹತ್ತೊಂಬತ್ತು ವರ್ಷವಾಯಿತು, ಒಂದು ದಿನವೂ ಬಿಟ್ಟಿಲ್ಲ. ಉತ್ತರ ಬಂತೇ ಎಂದು ಕೇಳುವವರಿಗೆ: ಇಲ್ಲ ಸ್ವಾಮಿ, ಬಂದಿಲ್ಲ. ಬರಲೆಂದು ಕೂಗುವವನು ನಟನಲ್ಲ.

ಪತ್ರಿಕೆಯ ತಲೆಬರಹ: "ಸತ್ತವರಿಗೆ ಹಾಜರಿ, ಬದುಕಿದವರಿಗೆ ತೆರಿಗೆ."

ಮೇ 9, ಗುರುವಾರ

ಊರ ಸಭಾಭವನದ ಗ್ಯಾಲರಿಯಲ್ಲಿ ಕೂತು ನನ್ನ ಹುದ್ದೆಯ ವಿಚಾರಣೆಯನ್ನು ನಾನೇ ನೋಡಿದೆ. ಒಂದು ಕಡೆ ಎಲ್ಲವನ್ನೂ ಕತ್ತರಿಸಬೇಕೆನ್ನುವ ಪಕ್ಷ, ಇನ್ನೊಂದು ಕಡೆ ಯಾವುದನ್ನೂ ಮುಟ್ಟಬಾರದೆನ್ನುವ ಪಕ್ಷ. ಮೊದಲನೆಯದರ ನಾಯಕಿಯನ್ನು ಊರೆಲ್ಲ ಕತ್ತರಿಯಮ್ಮ ಎನ್ನುತ್ತದೆ, ಎರಡನೆಯದರ ನಾಯಕನನ್ನು ಮುಟ್ಬೇಡಪ್ಪ.

ಕತ್ತರಿಯಮ್ಮ ಎದ್ದಳು. ಹೆಂಗಸಿಗೆ ಮಾತನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತು. ಕಂಪನಿಯಲ್ಲಿದ್ದಿದ್ದರೆ ಅಪ್ಪ ಅವಳಿಗೆ ರಾಣಿಯ ಪಾತ್ರ ಕೊಡುತ್ತಿದ್ದ. "ನಲವತ್ತೆರಡು ಜನರನ್ನ ದಿನಾ ಕರೀತಾರೆ, ಒಬ್ಬರೂ ಬರಲ್ಲ. ವಿರೋಧ ಪಕ್ಷದ ಸಭೆಗೂ ಇದೇ ಗತಿ ಅಂತ ನಾನು ಹೇಳ್ತಿಲ್ಲ," ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ಮುಟ್ಬೇಡಪ್ಪ ಮೇಜು ಕುಟ್ಟಿದ. "ಇದು ನಮ್ಮ ಹಿರಿಯರ ಬೆವರಿನ ಗುರುತು. ಈ ಗಡಿಯಾರ ಕಾಯುವ ಹುದ್ದೆಯನ್ನ ಮುಟ್ಟೋಕೆ ಬಿಡಲ್ಲ."

ಹಿಂದಿನ ಸಾಲಿನವನು ಅವನ ತೋಳು ಜಗ್ಗಿ ಪಿಸುಗುಟ್ಟಿದ, "ಗಡಿಯಾರ ಅಲ್ಲ ಸಾರ್, ಹಾಜರಿ."

"ಯಾವುದಾದರೇನು, ಮುಟ್ಟಬೇಡಿ."

ಇಬ್ಬರೂ ಖುದ್ದಾಗಿ ಬಂದು ನೋಡುವುದೆಂದು ತೀರ್ಮಾನವಾಯಿತು. ಸಭಿಕರೇ, ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ನಾಟಕಕ್ಕೆ ಪ್ರೇಕ್ಷಕರು ಬರುತ್ತಿದ್ದಾರೆ. ಅಂಗಿಗೆ ಇಸ್ತ್ರಿ ಹಾಕಿಸಬೇಕು.

ಮೇ 14, ಮಂಗಳವಾರ

ಬಂದರು. ಪಂಪು ನಡೆಸುವ ಹೆಂಗಸು, ನಾವೆಲ್ಲ ಪಂಪಕ್ಕ ಎನ್ನುವವಳು, ದೀಪ ಹಿಡಿದು ಮುಂದೆ ಇಳಿದಳು. ಕತ್ತರಿಯಮ್ಮ ಮೆಟ್ಟಿಲು ಎಣಿಸಿದಳು. ಮುಟ್ಬೇಡಪ್ಪ ಅರವತ್ತಕ್ಕೇ ಕೂತು ಏದುಸಿರು ಬಿಟ್ಟ.

ನಾನು ಕೊಳವೆಯ ಮುಂದೆ ನಿಂತೆ. "ಒಂದು." ಕೋಣೆ ಗಂಟೆಯಂತೆ ಮೊಳಗಿತು. ಮೂರು ಉಸಿರು. "ಎರಡು." ಮೂರು ಉಸಿರು. ಆ ಉಸಿರುಗಳ ಸಂದಿನಲ್ಲೆಲ್ಲ ಅವರಿಬ್ಬರ ಜಗಳ.

"ಈ ಕಾಯೋದು ಯಾಕೆ? ಇದೇ ಅರ್ಧ ಹೊತ್ತು ತಿನ್ನುತ್ತೆ."

"ಕಾಯೋದರಲ್ಲೇ ಗೌರವ ಇರೋದಮ್ಮ."

"ಗೌರವ ನಿಮ್ಮ ಮನೆಯಲ್ಲಿ ಮಾಡ್ಕೊಳ್ಳಿ."

ಒಂಬತ್ತನ್ನು ಕೂಗಿ ಕಾಯುತ್ತಿದ್ದಾಗ ಕತ್ತರಿಯಮ್ಮ ಗಕ್ಕನೆ ಮಾತು ನಿಲ್ಲಿಸಿ ಮುಟ್ಬೇಡಪ್ಪನ ಕಡೆ ತಿರುಗಿದಳು. "ಕೆಮ್ಮೋದಾದ್ರೆ ಬಾಯಿಗೆ ಕೈ ಇಟ್ಕೊಳ್ಳಿ."

"ನಾನೆಲ್ಲಿ ಕೆಮ್ಮಿದೆ? ನೀವೇ ಅಲ್ವಾ ಕೆಮ್ಮಿದ್ದು?"

ಪಂಪಕ್ಕ ನನ್ನ ಮುಖ ನೋಡಿದಳು. ನಾನು ಹತ್ತು ಎಂದೆ.

ನಲವತ್ತೆರಡು ಮುಗಿಯುವಷ್ಟರಲ್ಲಿ ಅವರು ರಾಜಿಗೆ ಬಂದಿದ್ದರು. ಪೂರ್ತಿ ತೆಗೆದರೆ ಈತ ಬಿಡುವುದಿಲ್ಲ, ಪೂರ್ತಿ ಉಳಿಸಿದರೆ ಆಕೆ ಬಿಡುವುದಿಲ್ಲ. ಅರ್ಧ. ಮೊದಲರ್ಧವೋ ಕೊನೆಯರ್ಧವೋ ಎಂದು ಮತ್ತೆ ಕಚ್ಚಾಡಿ, ಕೊನೆಗೆ ಬೆಸ ನಂಬರುಗಳನ್ನು ಮಾತ್ರ ಕೂಗುವುದು, ಸಮ ನಂಬರುಗಳನ್ನು ಬಿಡುವುದು ಎಂದು ಕೈ ಕುಲುಕಿದರು. ಫೋಟೋ ತೆಗೆಸಿಕೊಂಡರು. ನಾನು ಕೇಳಿದೆ, "ಅಮ್ಮಾ, ಎರಡನೆಯವನು ಏನು ತಪ್ಪು ಮಾಡಿದ?"

"ಅವನು ಸತ್ತಿದ್ದಾನೆ ರೀ."

"ಮೂರನೆಯವನೂ ಸತ್ತಿದ್ದಾನಲ್ಲ."

"ಅದನ್ನ ಇವರನ್ನೇ ಕೇಳಿ," ಎಂದು ಮುಟ್ಬೇಡಪ್ಪನನ್ನು ತೋರಿಸಿ ಮೆಟ್ಟಿಲೇರಿದಳು.

ಮೇ 20, ಸೋಮವಾರ

ಇಂದಿನಿಂದ ಅರ್ಧ. "ಒಂದು" ಎಂದ ಮೇಲೆ ನಾಲಗೆ ತಾನಾಗಿ ಎರಡರ ಕಡೆಗೆ ಹೊರಳುತ್ತದೆ, ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಮೂರು ಎಂದೆ. ಐದು ಎಂದೆ. ಮಾತು ಮರೆತ ನಟನ ಹಾಗೆ ಮೈಯೆಲ್ಲ ಬೆವರು. ಹಿತ್ತಾಳೆ ಬಾಯಿಗೆ ಕೈ ಆನಿಸಿ ನಿಂತೆ. ಅದು ಬೆಚ್ಚಗಿತ್ತು. ಎಂದೂ ಬೆಚ್ಚಗಿರಲಿಲ್ಲ.

ಮೇ 21, ಮಂಗಳವಾರ

ಎರಡನೆಯ ಕೊಕ್ಕೆಯಲ್ಲಿ ಬಿಲ್ಲೆ ತೂಗುತ್ತಿದೆ. ಒದ್ದೆ. ನೆಲದ ಮೇಲೆ ಒಂದು ಕಾಸಿನಗಲ ನೀರು.

"ಯಾರಾದರೂ ಕೆಳಗಿಳಿದಿದ್ರಾ?" ಎಂದು ಪಂಪಕ್ಕನನ್ನು ಕೇಳಿದೆ.

"ಬೀಗದ ಕೈ ನಿಮ್ಮ ಸೊಂಟದಲ್ಲಿದೆ. ನನ್ನನ್ನ ಕೇಳ್ತೀರಲ್ಲ."

ಮೇ 25, ಶನಿವಾರ

ನಾಲ್ಕು, ಆರು, ಎಂಟು, ಹತ್ತು. ದಿನಕ್ಕೊಂದು. ಪಂಪಕ್ಕ ಹಲಗೆಯನ್ನು ನೋಡಿ ಹೇಳಿದಳು, "ಒಬ್ಬೊಬ್ಬರೇ ರಾಜೀನಾಮೆ ಕೊಡ್ತಿದ್ದಾರೇನೋ." ನಗಲೆಂದು ಹೇಳಿದ್ದು. ಇಬ್ಬರೂ ನಗಲಿಲ್ಲ. ಬಾಗಿಲ ಬೆಸುಗೆ ಹೇಗಿತ್ತೋ ಹಾಗೇ ಇದೆ, ಉಗುರು ಹಾಕಿ ನೋಡಿದೆ.

ಮೇಲಿನವರಿಗೆ ವರದಿ ಮಾಡಬೇಕೆ? ಬಿಲ್ಲೆ ಬಂತು ಎಂದರೆ ಮನುಷ್ಯ ಹೊರಗೆ ಬಂದ ಎಂದು ಅರ್ಥ. ಮನುಷ್ಯ ಎಲ್ಲಿ ಎಂದು ಕೇಳುತ್ತಾರೆ. ಬೇಡ.

ಮನೆಯಲ್ಲಿ ಇವಳು ಎರಡು ಸಲ "ಏನಂದ್ರಿ?" ಎಂದಳು. ವಯಸ್ಸಾಗುತ್ತಿದೆ, ಪಾಪ.

ಜೂನ್ 3, ಸೋಮವಾರ

ಬಸ್ಸಿನಲ್ಲಿ ಮೂರು ಸಲ ನಿಲ್ಲಿಸಿ ಎಂದೆ. ಕಂಡಕ್ಟರ್ ತಿರುಗಿಯೂ ನೋಡದೆ ಎರಡು ನಿಲ್ದಾಣ ಮುಂದಕ್ಕೆ ಒಯ್ದ. ಈಗಿನವರಿಗೆ ಕಿವಿಯಲ್ಲಿ ಏನಾದರೊಂದು ಸಿಕ್ಕಿಸಿಕೊಳ್ಳದೆ ಕೂರಲು ಬಾರದು.

ಇವಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚೆನ್ನಾಗಿದೆಯಂತೆ. "ಕಿವಿ ಸರಿಯಾಗಿದೆ ರೀ. ನೀವೇ ಯಾಕೋ ಪಿಸಪಿಸ ಅಂತೀರಿ. ಪಕ್ಕದ ಮನೆಯವರು ಮೊನ್ನೆ ಕೇಳಿದರು, ಯಜಮಾನರು ಊರಲ್ಲಿಲ್ವಾ ಅಂತ."

ನಾನು ಪಿಸಪಿಸ. ನಾಲ್ಕು ಬಯಲಿಗೆ ಕೇಳುವಂತೆ ಕೂಗುತ್ತಿದ್ದವನು. ನಗು ಬಂತು.

ಜೂನ್ 10, ಸೋಮವಾರ

ನಲವತ್ತೆರಡನೆಯದೂ ಬಂತು. ಸಮ ಸಂಖ್ಯೆಯ ಇಪ್ಪತ್ತೊಂದೂ ಹಲಗೆಯ ಮೇಲಿವೆ. ಬೆಸ ಕೊಕ್ಕೆಗಳೆಲ್ಲ ಖಾಲಿ.

ಹಲಗೆಯ ಮುಂದೆ ನಿಂತಿದ್ದಾಗ ಒಂದು ಮಾತು ಹೊಳೆಯಿತು. ಕರೆಯದೆ ಬಿಟ್ಟವರೆಲ್ಲ ಹೊರಗೆ ಬಂದಿದ್ದಾರೆ. ಕರೆದವರೆಲ್ಲ ಒಳಗೇ ಇದ್ದಾರೆ.

ಹೆಸರೋ ನಂಬರೋ, ಕರೆದರೆ ಮನುಷ್ಯ ಇರಲೇಬೇಕಲ್ಲ. ಎದ್ದು ಹೋಗಲು ಆಗುವುದಿಲ್ಲ. ಹಾಗಾದರೆ ತೊಂಬತ್ತು ವರ್ಷ ನಾವು, ಮಾವ, ಮಾವನ ಅಪ್ಪ, ನಾನು

ಈ ಸಾಲನ್ನು ಹೊಡೆದುಹಾಕಬೇಕು. ಮಾವನ ಫೋಟೋ ಇದೇ ಮೇಜಿನ ಮೇಲಿದೆ.

ಜೂನ್ 12, ಬುಧವಾರ

ಸಭಿಕರೇ, ಇಂದು ನನ್ನ ಜೀವಮಾನದ ಅಭಿನಯ.

ಅರ್ಧ ಕತ್ತರಿಸಿಯೂ ಯಾರಿಗೂ ಏನೂ ಆಗಲಿಲ್ಲವಲ್ಲ, ಉಳಿದರ್ಧವೂ ಯಾಕೆ ಎಂದು ಕತ್ತರಿಯಮ್ಮ ಕೇಳಿದ್ದರಿಂದ ನನ್ನನ್ನು ಸಾಕ್ಷಿ ಹೇಳಲು ಕರೆಸಿದ್ದರು. ಮೈಕಿನ ಮುಂದೆ ನಿಂತೆ. ಅಭ್ಯಾಸದಂತೆ ಮೊದಲು ಜನರನ್ನು ಎಣಿಸಿದೆ. ಕೆಳಗೆ ಸದಸ್ಯರು ಅರವತ್ತನಾಲ್ಕು. ಗ್ಯಾಲರಿಯ ಹಿಂದಿನ ಸಾಲಿನಲ್ಲಿ ಇಪ್ಪತ್ತೊಂದು ಜನ ಗಂಡಸರು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅಂಥ ಶಿಸ್ತಿನ ಪ್ರೇಕ್ಷಕರನ್ನು ನೋಡಿ ಎಷ್ಟು ವರ್ಷವಾಗಿತ್ತು.

ಹೊಟ್ಟೆಯಿಂದ ಎಳೆದೆ ದನಿಯನ್ನು. ಬಿಲ್ಲೆಗಳ ವಿಷಯ ಹೇಳಿದೆ. ನಾವು ತಪ್ಪು ತಿಳಿದಿದ್ದೆವು ಎಂದೆ. ಒಳಗೆ ಉಳಿದವರನ್ನೂ ಬಿಟ್ಟುಬಿಡಿ, ಆದರೆ ಕೆಲಸ ಕಡಿತ ಎಂದು ಬಿಡಬೇಡಿ, ಪಾಳಿ ಮುಗಿಯಿತು ಹೊರಗೆ ಬನ್ನಪ್ಪಾ ಎಂದು ಒಬ್ಬ ಮನುಷ್ಯ ಮರ್ಯಾದೆಯಿಂದ ಹೇಳಿ ಬಿಡಬೇಕು ಎಂದೆ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಕೆಳಗಿನ ಸದಸ್ಯರು ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂಥ ಮೌನ ಚಪ್ಪಾಳೆಗಿಂತ ದೊಡ್ಡದು.

ಮುಗಿದ ಮೇಲೆ ಸಭಾಪತಿ ಕೆಳಗೆ ಬಗ್ಗಿ ಕೇಳಿದರು, "ಹೆದರಬೇಡಿ. ಏನಾದರೂ ಹೇಳೋದಿದೆಯಾ?"

ಹೊರಗೆ ಬರುವಾಗ ಗ್ಯಾಲರಿಯ ಹಿಂದಿನ ಸಾಲಿನಲ್ಲಿ ಜವಾನ ನೆಲ ಒರೆಸುತ್ತಿದ್ದ. "ಮಾಳಿಗೆ ಸೋರ್ತಾ ಇದೆಯೋ ಏನೋ, ಬೆಂಚೆಲ್ಲ ಒದ್ದೆ," ಎಂದು ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದ.

ಜೂನ್ 14, ಶುಕ್ರವಾರ

ನಡಾವಳಿಯ ಪುಸ್ತಕ ತರಿಸಿ ನೋಡಿದೆ. ನನ್ನ ಇಪ್ಪತ್ತು ನಿಮಿಷಕ್ಕೆ ಒಂದೇ ಸಾಲು: "ಸಾಕ್ಷಿ ಮೌನವಾಗಿದ್ದರು." ಬರೆದುಕೊಳ್ಳುವವನು ನಿದ್ದೆ ಮಾಡುತ್ತಿದ್ದ. ಅವನ ಹುದ್ದೆಯನ್ನು ಕತ್ತರಿಸಬೇಕು.

ಜೂನ್ 19, ಬುಧವಾರ

ಸರ್ವಾನುಮತದಿಂದ ರದ್ದು. ಕೂಗುವವನೇ ಬಾಯಿ ಬಿಡದ ಮೇಲೆ ಏನನ್ನು ಕಾಯುವುದು ಎಂದು ಮುಟ್ಬೇಡಪ್ಪನೂ ಒಪ್ಪಿದನಂತೆ. ಜೂನ್ 30 ಕೊನೆಯ ದಿನ. ಜುಲೈ 1ಕ್ಕೆ ಕೊಳವೆಗೆ ಸಿಮೆಂಟು. ಎರಡೂ ಪಕ್ಷ ಒಟ್ಟಿಗೆ ಕೈ ಎತ್ತಿದ್ದು ಈ ವರ್ಷ ಇದೊಂದಕ್ಕೇ ಎಂದು ಪತ್ರಿಕೆ ಹೊಗಳಿದೆ.

ಇವಳಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. ಈಗ ಮನೆಯಲ್ಲಿ ಚೀಟಿಯೇ ಸಲೀಸು. ಓದಿ, ಚೀಟಿ ಮಡಿಸಿ ಅವಳಪ್ಪನ ಫೋಟೋದ ಕೆಳಗಿಟ್ಟಳು. "ನಮ್ಮಪ್ಪ ಜ್ವರ ಬಂದರೂ ಹೋಗ್ತಿದ್ದ ರೀ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇಳೀತಿದ್ದ. ಮೂರು ಉಸಿರು ಎಣಿಸೋಕೆ ನನಗೆ ಹೇಳಿಕೊಟ್ಟಿದ್ದ."

ಜೂನ್ 30, ಭಾನುವಾರ

ಏಳೂವರೆಗೆ ಇಳಿದೆ. ಇವಳು ಬರುತ್ತೇನೆಂದಳು, ಬೇಡವೆಂದು ಬರೆದು ತೋರಿಸಿದೆ. ಕೊಳವೆಗೆ ಬಾಯಿಟ್ಟವನು ಒಂದು ಎನ್ನಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಪಾಠ ಬದಲಿಸಿದೆ. "ಅಪ್ಪಂದಿರಾ, ಪಾಳಿ ಮುಗಿಯಿತು. ಬನ್ನಿ."

ನನ್ನ ದನಿ ಒಳಗೆ ಹೋಯಿತೋ ಇಲ್ಲವೋ ನನಗೇ ಅನುಮಾನವಾಯಿತು. ಅಷ್ಟರಲ್ಲಿ ಬಾಗಿಲು ಒಂದು ಗೇಣು ಸರಿದು ನಿಂತಿರುವುದನ್ನು ನೋಡಿದೆ. ಬೆಸುಗೆ ಒಣಗಿದ ಹಿಟ್ಟಿನಂತೆ ಉದುರಿಬಿದ್ದಿತ್ತು. ದೂರದಿಂದ ಕೂಗಿದ್ದು ಸಾಲದು, ಒಳಗೆ ಹೋಗಿ ಹೇಳುವುದೇ ಮರ್ಯಾದೆ. ಒಳಗೆ ಹೋಗುವವನು ಬಿಲ್ಲೆ ತೆಗೆದುಕೊಳ್ಳಬೇಕು, ನಲವತ್ತಮೂರನೆಯದನ್ನು ತೆಗೆದುಕೊಂಡೆ.

ಒಳಗೆ ಕತ್ತಲೆ ಇರಲಿಲ್ಲ. ಸಾಲಾಗಿ ನಿಂತಿದ್ದರು, ಇಪ್ಪತ್ತೊಂದು ಜನ, ರಂಗದ ಪಕ್ಕದಲ್ಲಿ ತಮ್ಮ ಪ್ರವೇಶಕ್ಕೆ ಕಾಯುವ ನಟರ ಹಾಗೆ. ಒಬ್ಬೊಬ್ಬರಿಗೂ ಹೇಳಿದೆ. ಇವರಿಗೆ ನನ್ನ ಮಾತು ಚೆನ್ನಾಗಿ ಕೇಳಿಸಿತು. ಒಂಬತ್ತನೆಯವನು ಕೆಮ್ಮುತ್ತ ನನ್ನ ಕೈ ಹಿಡಿದು, "ನಿಮ್ಮದು ಬಹಳ ಜೋರು ದನಿ ಮಾರಾಯರೇ, ಒಂದು ದಿನಾನೂ ಕಣ್ಣು ಮುಚ್ಚೋಕೆ ಬಿಡಲಿಲ್ಲ," ಎಂದ. ನಕ್ಕೆವು. ಅವರು ಹೊರಗೆ ಹೋದರು. ಬಿಲ್ಲೆಗಳು ಕೊಕ್ಕೆಗೆ ಬೀಳುವ ಸದ್ದು ಎಣಿಸಿದೆ. ಸರಿಯಾಗಿ ಇಪ್ಪತ್ತೊಂದು.

ನಾಟಕ ಮುಗಿದ ಮೇಲೆ ಮೇಳದ ಯಜಮಾನ ಕೊನೆಗೆ ಹೊರಡಬೇಕು. ಯಾರಾದರೂ ಉಳಿದಿದ್ದಾರೆಯೇ ಎಂದು ಕೊನೆಯವರೆಗೂ ನೋಡಿಕೊಂಡು ಬಂದೆ. ಬರುವಷ್ಟರಲ್ಲಿ ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು.

ನಾಳೆ ಸಿಮೆಂಟಿನವರು ಬರುತ್ತಾರಲ್ಲ, ತೆರೆಸಿದರಾಯಿತು. ನೋಟ್‌ಬುಕ್ಕು ಜೇಬಿನಲ್ಲೇ ಇದೆ, ಬರೆಯುವಷ್ಟು ಬೆಳಕಿದೆ.

ಜುಲೈ 2, ಮಂಗಳವಾರ

ಸಿಮೆಂಟಿನವರು ಬರಲಿಲ್ಲ. ಕೊಳವೆಯಲ್ಲಿ ಪಂಪಕ್ಕನ ಮಾತು ಕೇಳಿಸಿತು: ಸಿಮೆಂಟಿನ ಕೆಲಸವೂ ದುಂದು ಎಂದು ಕತ್ತರಿಯಮ್ಮ ಅದನ್ನೂ ಹೊಡೆದುಹಾಕಿದಳಂತೆ. ಮಾತಿಗೆ ತಪ್ಪದ ಹೆಂಗಸು.

ಪಂಪಿನ ಬಡಿತ ಈಗ ತಲೆಯ ಮೇಲೆ ಕೇಳುತ್ತದೆ. ನಿದ್ದೆಗೆ ಒಳ್ಳೆಯದು.

ಜುಲೈ 4, ಗುರುವಾರ

ಇವಳು ಬಂದಿದ್ದಳು. ಅಧಿಕಾರಿಯೊಬ್ಬ ಹೇಳುತ್ತಿದ್ದ, "ಬೇಜಾರಾಗಿ ಎಲ್ಲಾದರೂ ಹೋಗಿರ್ತಾರಮ್ಮ. ಬೆಸುಗೆ ನೋಡಿ, ಒಂದು ಇರುವೆ ತೂರೋಕೂ ಜಾಗ ಇಲ್ಲ."

"ಹಲಗೆ ನೋಡಿ ಸ್ವಾಮಿ," ಎಂದಳು ಇವಳು. "ಎಲ್ಲರದೂ ಬಂದಿದೆ, ಇವರದೊಂದೇ ಇಲ್ಲ. ಬಿಲ್ಲೆ ಕೊಕ್ಕೆಯಲ್ಲಿ ಇಲ್ಲ ಅಂದರೆ ಮನುಷ್ಯ ಒಳಗಿದ್ದಾನೆ. ನಮ್ಮಪ್ಪ ಹೇಳಿಕೊಟ್ಟಿದ್ದು."

"ಬಾಗಿಲು ಕೊಯ್ಯೋಕೆ ಮಂಜೂರಾತಿ ಬೇಕಮ್ಮ. ಈಗ ಎಲ್ಲಾ ಕಡಿತ."

ಜಾಣೆ. ಅವಳಪ್ಪನ ಮಗಳು.

ಜುಲೈ 5, ಶುಕ್ರವಾರ

ಏಳೂವರೆ. ಕೊಳವೆಯಲ್ಲಿ, "ರೀ."

ಮೂರು ಉಸಿರು. ನಾನೂ ಎಣಿಸಿದೆ.

ಇದ್ದೀನಿ ಎಂದೆ. ಕೇಳಿಸಲಿಲ್ಲ.

ಜುಲೈ 9, ಮಂಗಳವಾರ

"ರೀ."

ನೋಟ್‌ಬುಕ್ಕಿನ ಹಾಳೆ ಒದ್ದೆ. ಬಾಗಿಲು ಇಂದು ಒಂದು ಗೇಣು ಸರಿದಿತ್ತು, ಹೋಗಬಹುದಿತ್ತು. ಅಷ್ಟರಲ್ಲಿ ಕರೆದಳು. ಕರೆದಾಗ ಹಾಜರಿರಬೇಕಲ್ಲ, ಹಾಗಾಗಿ ನಿಂತೆ. ತಿರುಗಿ ನೋಡಿದರೆ ಮುಚ್ಚಿತ್ತು.

ಜುಲೈ 12, ಶುಕ್ರವಾರ

ಪಂಪಕ್ಕ ಇವಳಿಗೆ ಹೇಳುತ್ತಿದ್ದಳು, "ಅಕ್ಕಾ, ಮಂಡಿ ನೋವು ಇಟ್ಕೊಂಡು ದಿನಾ ನೂರ ಹದಿನೆಂಟು ಮೆಟ್ಟಿಲು. ಇವತ್ತಿಗೆ ಸಾಕು ಮಾಡಿ."

"ಒಂದು ದಿನವೂ ಬಿಡಲ್ಲ ಕಣೇ. ಮೇಲೆ ನಾನಿದ್ದೀನಿ ಅಂತ ಅವರಿಗೆ ಗೊತ್ತಿರಬೇಕು."

ಎಂಥ ಮಾತು. ಕೇಳಿ ಎದೆ ತುಂಬಿತು. ತಪ್ಪು ನನ್ನದೇ, ಗಂಟಲಿಂದ ಮಾತಾಡುತ್ತಿದ್ದೇನೆ. ಅಪ್ಪ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದ.

ನಾಳೆ ಬೆಳಿಗ್ಗೆ ಏಳಕ್ಕೇ ಎದ್ದು ಅಂಗಿಯ ಗುಂಡಿ ಹಾಕಿಕೊಂಡು, ಕೊಳವೆಗೆ ಎದೆ ಕೊಟ್ಟು, ಕಾಲು ಅಗಲಿಸಿ ನಿಲ್ಲುತ್ತೇನೆ. ಇವಳು ಕರೆದ ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲ ಉಸಿರು ಬಿಡುತ್ತೇನೆ, ಎರಡನೆಯದನ್ನೂ ಬಿಡುತ್ತೇನೆ. ಮೂರನೆಯದಕ್ಕೆ ಹೊಟ್ಟೆಯಿಂದ ಎಳೆದು, ಹಿಂದಿನ ಸಾಲಿಗೂ ಕೇಳುವಂತೆ, ಇದ್ದೀನಿ ಎನ್ನುತ್ತೇನೆ.